ಬಿಸಿಗಾಳಿ ಮಡಿವಾಳೆಪ್ಪನ ಮಗಳು

ಹಾರ್ನ್ ಕೇಳಿದ್ದೇ ತಡ, ಶಿವಗಂಗಾಳ ಕೈಯಲ್ಲಿದ್ದ ಜೋಳದ ಮೊರ ನೆಲಕ್ಕೆ ಬಿತ್ತು!

ಮೊದಲು ಒಂದು ಸಣ್ಣ ಕೀರಲು, ಆಮೇಲೆ ದಪ್ಪ ದನಿ... ಇಡೀ ಶಲವಡಿಯಲ್ಲಿ ಅಂಥ ಹಾರ್ನು ಇದ್ದದ್ದು ಒಂದೇ ಗಾಡಿಗೆ. ಅವಳ ಅಪ್ಪ ಮಡಿವಾಳೆಪ್ಪನ ಅಂಬಾಸಿಡರಿಗೆ. ಆದರೆ ಆ ಗಾಡಿ ಹುಬ್ಬಳ್ಳಿಯ ಯಾರಿಗೋ ಮಾರಿಹೋಗಿ ಎರಡು ಬೇಸಿಗೆ ಕಳೆದಿದ್ದವಲ್ಲ?

ಅವಳು ಓಡಿ ಹೊರಗೆ ಬಂದಳು.

ಬೇವಿನ ಮರದ ಕೆಳಗೆ ಅದೇ ಬಿಳಿ ಗಾಡಿ. ಹಿಂದಿನ ಬಾಗಿಲಿಗೆ ಚಕ್ಕಡಿ ತಾಗಿ ಬಿದ್ದಿದ್ದ ಅದೇ ತಗ್ಗು. ಒಬ್ಬ ಗಂಡಸು ಇಳಿದು, ಗಾಡಿಯ ನಾಲ್ಕೂ ಬಾಗಿಲುಗಳನ್ನು ಒಂದೊಂದಾಗಿ ತೆರೆದಿಡುತ್ತಿದ್ದ. ಥೇಟ್ ಅಪ್ಪ ತೆರೆದಿಡುತ್ತಿದ್ದ ಹಾಗೆ!

"ಮಡಿವಾಳೆಪ್ಪಕಾಕಾ ಅದಾರೇನ್ರಿ?" ಎನ್ನುತ್ತ ಅವನು ತಿರುಗಿದ.

ಶಿವಗಂಗಾಳ ಮೈಯೆಲ್ಲ ಉರಿದುಹೋಯಿತು. ಈ ಮುಖವನ್ನು ಅವಳು ಕನಸಿನಲ್ಲೂ ಮರೆತಿರಲಿಲ್ಲ. ಅಣ್ಣಿಗೇರಿಯ ಹತ್ತಿ ಮಿಲ್ಲಿನವರ ಮನೆಯ ಕಿರಿಯ ಮಗ, ಈರಬಸಪ್ಪ.

ಕಥೆಯ ನಾಯಕನಿಗೆ ಇಂಥ ಹೆಸರೇ ಎಂದು ನೀವು ಮೂಗು ಮುರಿಯಬೇಡಿ. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಬರಲೇಬೇಕು, ಚಂದ ನೋಡಿ ಹೆಸರಿಡುವ ಕಾಲ ಎಂಬತ್ತೇಳರಲ್ಲಿ ಇನ್ನೂ ನಮ್ಮೂರ ತನಕ ಬಂದಿರಲಿಲ್ಲ. ಹುಡುಗ ಮಾತ್ರ ಚಂದವೇ ಇದ್ದ. ಅದನ್ನು ಒಪ್ಪಿಕೊಳ್ಳುವುದಕ್ಕೆ ನಮ್ಮ ನಾಯಕಿ ತಯಾರಿರಲಿಲ್ಲ, ಅಷ್ಟೆ.

'ಅಪ್ಪನ ಮಾನ ತೆಗೆದ. ಈಗ ಅಪ್ಪನ ಗಾಡಿಯನ್ನೂ ಕೊಂಡು, ಅದರಲ್ಲೇ ಕುಳಿತು, ನಮ್ಮ ಬಾಗಿಲಿಗೇ ಬಂದಿದ್ದಾನೆ! ಎಷ್ಟು ಸೊಕ್ಕು!'

ಬಾಯಲ್ಲಿ ಮಾತ್ರ ಅವಳು ಜೇನು ಸುರಿಸಿದಳು.

"ಕುಂದರ್ರಿ... ನೀರ ತರ್ತೇನಿ."

ಅಡುಗೆಮನೆಯ ಹರವಿಯಲ್ಲಿ ತಣ್ಣನೆ ನೀರಿತ್ತು. ಅವಳು ಅದನ್ನು ದಾಟಿ ಹಿತ್ತಲಿಗೆ ಹೋದಳು. ಬೆಳಗಿನಿಂದ ಬಿಸಿಲಲ್ಲೇ ಕಾಯುತ್ತಿದ್ದ ತಾಮ್ರದ ತಂಬಿಗೆಯನ್ನು ಸೆರಗಿನಿಂದ ಹಿಡಿದು ತಂದು ಅವನ ಕೈಗೆ ಕೊಟ್ಟಳು.

ಒಂದು ಗುಟುಕು ಕುಡಿದವನ ಕಣ್ಣಲ್ಲಿ ನೀರು ಬಂತು. "ಬಾಳ ಬಿಸಿ ಅದಾವಲ್ರಿ..."

"ಬಿಸಿಗಾಳಿ ಮಡಿವಾಳೆಪ್ಪನ ಮನಿರಿ ಇದು! ಇಲ್ಲೆ ತಣ್ಣಂದು ಎಲ್ಲಿಂದ ಬರಬೇಕು? ಆ ಹೆಸರು ಇಟ್ಟ ಮನಿಯವರು ನೀವ ಅಲ್ಲೇನ್ರಿ?"

ಈರಬಸಪ್ಪ ತಲೆ ತಗ್ಗಿಸಿದ. ಸಿಟ್ಟಾಗಿ ಎದ್ದು ಹೋಗುತ್ತಾನೆ ಎಂದುಕೊಂಡಿದ್ದಳು ಅವಳು. ಅವನು ಆ ಸುಡುನೀರನ್ನು ಕೊನೆಯ ಹನಿಯವರೆಗೂ ಕುಡಿದು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ!

ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಆ ಹೆಸರು ಬಂದದ್ದು ಎರಡು ಬೇಸಿಗೆ ಹಿಂದೆ.

ಸುತ್ತಿನ ಹಳ್ಳಿಗಳಲ್ಲಿ ಏಸಿ ಇದ್ದ ಬಾಡಿಗೆ ಗಾಡಿ ಮಡಿವಾಳೆಪ್ಪನದೊಂದೇ. ಜನ ಅದನ್ನು 'ಥಂಡಿ ಗಾಡಿ' ಅನ್ನುತ್ತಿದ್ದರು. ಮದುವೆಯೆಂದರೆ ಥಂಡಿ ಗಾಡಿಯೇ ಬೇಕು. ಅದಕ್ಕೆ ಹೂವು ಕಟ್ಟುವುದು ಶಿವಗಂಗಾಳದೇ ಕೆಲಸ. ಅವಳ ಕೈಯಲ್ಲಿ ಹೂವು ಮಾತಾಡುತ್ತದೆ ಎನ್ನುತ್ತಿದ್ದರು ಹೆಂಗಸರು.

ಈರಬಸಪ್ಪನ ಅಣ್ಣನ ಮದುವೆಗೂ ಅದೇ ಗಾಡಿ. ಆ ದಿನ ಅಣ್ಣಿಗೇರಿಯ ಬೀದಿಯಲ್ಲಿ ಬಾಜಾಬಜಂತ್ರಿಯ ಹಿಂದೆ ಗಾಡಿ ಆಮೆಯ ಹಾಗೆ ತೆವಳುತ್ತಿತ್ತು. ಮನೆಯ ಬಾಗಿಲು ಇನ್ನೂ ದೂರವಿರುವಾಗಲೇ ಒಳಗೆ ಬಿಸಿಗಾಳಿ ಬೀಸತೊಡಗಿತು. ಕೋಟು, ರುಮಾಲು, ಬಾಸಿಂಗ ಎಲ್ಲ ಹೇರಿಕೊಂಡಿದ್ದ ಮದುಮಗ ಬೆವೆತು ಬೆವೆತು ಹೊಸ ಹೆಂಡತಿಯ ಹೆಗಲ ಮೇಲೆ ಎಚ್ಚರ ತಪ್ಪಿ ಬಿದ್ದ!

ಅದಕ್ಕೆ ತುಸು ಮುಂಚೆ ಈರಬಸಪ್ಪ ತನ್ನ ದೊಡ್ಡಪ್ಪ ಅಡಿವೆಪ್ಪನ ಕಿವಿಯಲ್ಲಿ ಏನೋ ಹೇಳಿದ್ದನ್ನು ಶಿವಗಂಗಾ ಕಣ್ಣಾರೆ ಕಂಡಿದ್ದಳು. ಮದುಮಗ ಬಿದ್ದ ಮರುಕ್ಷಣವೇ ಅಡಿವೆಪ್ಪ ಗುಡುಗಿದ್ದ.

"ಗ್ಯಾಸ್ ಇಲ್ಲದ ಡಬ್ಬಿ ತಂದು ಥಂಡಿ ಗಾಡಿ ಅಂತ ಮೋಸ ಮಾಡ್ತಿಯೇನಲೇ? ಇದು ಥಂಡಿ ಗಾಡಿ ಅಲ್ಲ, ಬಿಸಿಗಾಳಿ!"

ಎಲ್ಲರೆದುರು ಅಪ್ಪನ ತಲೆಯ ಖಾಕಿ ಟೊಪ್ಪಿಗೆಯನ್ನು ಕಿತ್ತು ಬೀದಿಗೆ ಎಸೆದಿದ್ದ. ಅಪ್ಪ ಒಂದೇ ಒಂದು ಮಾತಾಡಲಿಲ್ಲ. ಟೊಪ್ಪಿಗೆ ಎತ್ತಿಕೊಳ್ಳಲೂ ಇಲ್ಲ. ಆಮೇಲೆ ಗಾಡಿ ಮಾರಿದ. ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟ. ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗುವುದೇ ಅವನ ದಿನಚರಿಯಾಯಿತು.

'ಗಂಡಸಾಗಿ ಅಪ್ಪ ಸುಮ್ಮನಿರಬಹುದು... ನಾನು ಸುಮ್ಮನಿರುವುದಿಲ್ಲ!'

ಇವತ್ತೂ ಒಳಗಿನಿಂದ ಅಪ್ಪನ ಬತ್ತಿದ ದನಿಯಷ್ಟೇ ಬಂತು. "ಗಂಗಾ, ನನಗ ಗಾಡಿ ಬಗ್ಗೆ ಏನೂ ತಿಳಿಯಂಗಿಲ್ಲ ಅಂತ ಹೇಳಿ ಕಳಸ್ ಅವರನ್ನ."

"ಥಂಡಿ ಸ್ವಲ್ಪ ಕಮ್ಮಿ ಆಗೇತ್ರಿ, ಕಾಕಾ ಒಮ್ಮಿ ನೋಡಿದ್ರ..." ಎಂದ ಈರಬಸಪ್ಪ. ಒಳಗೆ ಅಪ್ಪ ಗೋಡೆಯ ಕಡೆ ಹೊರಳಿದ ಸದ್ದಾಯಿತು.

"ಮುಂದಿನ ಸಂತಿಗೆ ಬರ್ತೇನ್ರಿ" ಎಂದು ಅವನು ಹೊರಟ.

ಧೂಳೆಬ್ಬಿಸಿ ಹೋಗುವ ಗಾಡಿಯನ್ನೇ ನೋಡುತ್ತ ಶಿವಗಂಗಾ ಹಲ್ಲು ಕಚ್ಚಿದಳು. 'ಬಾ... ಬರುತ್ತಲೇ ಇರು. ಇದೇ ಗಾಡಿಯಲ್ಲಿ, ನಾಲ್ಕು ಜನರ ಮುಂದೆ ನಿನ್ನ ಬೆವರಿಳಿಸದಿದ್ದರೆ ನಾನು ಮಡಿವಾಳೆಪ್ಪನ ಮಗಳೇ ಅಲ್ಲ!'

ಅವನು ಬಂದ. ಸಂತೆಯ ದಿನವೂ ಬಂದ, ಸಂತೆ ಇಲ್ಲದ ದಿನವೂ ಬಂದ. ಅಪ್ಪ ಪ್ರತಿ ಸಲವೂ ಬಾಗಿಲ ತನಕ ಬಂದು, ಸಂದಿಯಿಂದ ಗಾಡಿಯನ್ನು ನೋಡಿ, ಮತ್ತೆ ಹೋಗಿ ಮಲಗುತ್ತಿದ್ದ.

ಶಿವಗಂಗಾ ಈಗ ತಣ್ಣನೆ ನೀರಿನ ಜೊತೆ ಬೆಲ್ಲವನ್ನೂ ಕೊಡುತ್ತಿದ್ದಳು! ಹಗೆ ತೀರಿಸಬೇಕಾದವನಿಗೆ ಮೊದಲು ಬೆಲ್ಲ ತಿನ್ನಿಸಬೇಕು ಎಂಬುದು ಅವಳ ಲೆಕ್ಕ.

"ಇಷ್ಟ ಬಿಸಿಲಾಗ ಒಳಗ ಥಂಡಿ ಹೆಂಗ ಬರತೈತ್ರಿ?" ಒಂದು ದಿನ ಏನೂ ಅರಿಯದವಳಂತೆ ಕೇಳಿದಳು.

"ನಿಮ್ಮ ಮನ್ಯಾಗ ಇದ್ದ ಗಾಡಿ, ನಿಮಗ ಗೊತ್ತಿಲ್ಲೇನ್ರಿ?"

"ಅಪ್ಪ ನಡಸ್ತಿದ್ದ. ನಾ ಹೂವು ಕಟ್ತಿದ್ದೆ, ಅಷ್ಟ."

ಹೂವು ಎಂದ ಕೂಡಲೇ ಅವನ ಮುಖ ಸಣ್ಣದಾಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು ಶಿವಗಂಗಾ.

ಅವನು ಹೇಳತೊಡಗಿದ. ಹೇಳುವಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಮೊದಲ ಗಾಡಿ ನೆಳ್ಳಾಗ ನಿಲ್ಲಸಬೇಕ್ರಿ. ಬಿಸಿಲಾಗ ನಿಂತಿದ್ರ ಹತ್ತಿದ ಕೂಡಲೇ ಏಸಿ ಹಚ್ಚಬಾರದು. ನಾಲ್ಕೂ ಬಾಗಲಾ ತಗದು ಇಡಬೇಕು. ಬಿಸಿ ಹೊರಗ ಹೋಗದ ಥಂಡಿ ಒಳಗ ಬರಂಗಿಲ್ಲ... ಇದು ನಿಮ್ಮ ಅಪ್ಪಗೋಳ ಮಾತು. ನಾ ಕಾಲೇಜಿಗೆ ಹೋಗೂ ಮುಂದ ಇದ ಗಾಡ್ಯಾಗ ಕುಂತು ಕೇಳಿದ್ದು."

ಅಪ್ಪನ ಮಾತು ಇವನ ಬಾಯಲ್ಲಿ! ಅವಳಿಗೆ ಒಂದು ಕ್ಷಣ ಏನೋ ಆಯಿತು... ತಕ್ಷಣ ಮನಸ್ಸು ಗಟ್ಟಿ ಮಾಡಿಕೊಂಡಳು.

"ಮತ್ತ?"

"ಚಳಿಗಾಲದಾಗೂ ವಾರಕ್ಕೊಮ್ಮಿ ಹಚ್ಚಬೇಕು. ಇಲ್ಲಂದ್ರ ಒಳಗಿನ ಎಣ್ಣಿ ಒಣಗಿ ಗ್ಯಾಸ್ ಸೋರತೈತಿ. ಈ ಬೆಲ್ಟ್ ಸಡ್ಲ ಬಿಡಬಾರದು, ಹಿಂಗ ಹೆಬ್ಬೆಟ್ಟಿಲೆ ಒತ್ತಿ ನೋಡಬೇಕು."

ಬಾನೆಟ್ ಎತ್ತಿ, ತಂಬಿಗೆಯ ನೀರನ್ನು ಎಂಜಿನ್ನಿನ ಕಡೆಯಿಂದ ಮುಂದಿನ ಜಾಳಿಗೆಯ ಮೇಲೆ ನಿಧಾನವಾಗಿ ಸುರಿದ. ಎರೆಮಣ್ಣಿನ ಧೂಳು ಕರಗಿ ಕಪ್ಪು ನೀರಾಗಿ ಹೊರಗೆ ಇಳಿಯಿತು.

"ಒಳಗಿಂದ ಹೊರಗ ನೀರು ಬಿಟ್ರ ಧೂಳು ಬಂದ ದಾರಿಲೇ ಹೋಗತೈತಿ. ಎಲ್ಲಾಕ್ಕಿಂತ ದೊಡ್ಡದು ಈ ಜಾಳಗಿನ್ರಿ. ಒಳಗಿನ ಬಿಸಿ ಎಲ್ಲಾ ಇಲ್ಲಿಂದ ಹೊರಗ ಹೋಗೂದು. ಗಾಡಿ ಮಾರಿಗೆ ಗಾಳಿ ಬಡೀಬೇಕು. ಮಾರಿ ಮುಚ್ಚಿದ್ರ..."

ಅವನು ಥಟ್ಟನೆ ಮಾತು ನಿಲ್ಲಿಸಿದ.

"ಮುಚ್ಚಿದ್ರ ಏನಾಕ್ಕೈತ್ರಿ?"

"ಏನಿಲ್ಲ ಬಿಡ್ರಿ" ಎಂದು ಬಾನೆಟ್ ಇಳಿಸಿಬಿಟ್ಟ.

ಅವನು ಹೇಳದಿದ್ದರೇನು? ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ಆದರೆ ಹಗೆ ಸಾಧಿಸಲು ಹೊರಟವಳ ಮನಸ್ಸು ಅವಳ ಮಾತು ಕೇಳಬೇಕಲ್ಲ? ಹಾರ್ನಿನ ಸದ್ದಿಗೆ ಕೈ ತಾನಾಗಿಯೇ ಕೂದಲು ತೀಡಿಕೊಳ್ಳುತ್ತಿತ್ತು. ಬಾಗಿಲಿನ ಆ ತಗ್ಗನ್ನು ಅವನು ಅರಿವೆಯಿಂದ ಮೆಲ್ಲಗೆ ಒರೆಸುವುದನ್ನು ನೋಡಿದರೆ ಅವಳ ಎದೆ ಮೆತ್ತಗಾಗುತ್ತಿತ್ತು. 'ಛೀ! ಶತ್ರು ಅವನು, ಶತ್ರು!' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಪ್ರೀತಿ ಬರುವಾಗ ಹಾರ್ನ್ ಹೊಡೆದು ಬರುತ್ತದೆಯೇ?

ಒಂದು ದಿನ ಅವನು ಬಹಳ ಖುಷಿಯಲ್ಲಿದ್ದ.

"ಬರೂ ಸೋಮವಾರ ಬಮ್ಮಿಗಟ್ಟಿಗೆ ಹೊಂಟೇವ್ರಿ. ಮನಿಗೆ ಹುಡಿಗಿ ತರೂದೈತಿ. ದೊಡ್ಡಪ್ಪನೂ ಬರತಾನು. ನಮ್ಮ ಮಿಲ್ಲಿನ್ಯಾಗ ಹತ್ತಿ ಧೂಳು ಬಾಳ, ಹಿಂದಿನ ದಿನ ಗಾಡಿ ಇಲ್ಲೆ ಬೇವಿನ ನೆಳ್ಳಾಗ ಬಿಟ್ಟು ಹೋಗ್ಲೇನ್ರಿ?"

ಶಿವಗಂಗಾಳ ಕೈ ಬೆಲ್ಲದ ತಟ್ಟೆಯ ಮೇಲೆಯೇ ನಿಂತಿತು.

"ಹುಡಿಗಿ... ತರಾಕ?"

"ಹೂಂರಿ! ಅಗದಿ ಚಂದ ಅದಾಳಂತ. ನಾ ಇನ್ನೂ ನೋಡಿಲ್ಲ."

ನೋಡಿಯೇ ಇಲ್ಲದ ಹುಡುಗಿಗಾಗಿ ಇಷ್ಟು ಖುಷಿ! ಬಮ್ಮಿಗಟ್ಟಿ ಅವನ ಅತ್ತಿಗೆಯ ತವರು ಎಂಬುದು ಅವಳಿಗೆ ಗೊತ್ತಿತ್ತು. ಅತ್ತಿಗೆಯ ತಂಗಿಯನ್ನೇ ಮಾತಾಡಿರಬೇಕು... ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು.

"ಬಿಟ್ಟು ಹೋಗ್ರಿ. ನಾ ನೋಡ್ಕೋತೇನಿ" ಎಂದಳು.

ಭಾನುವಾರ ಮಧ್ಯಾಹ್ನ ಊರೆಲ್ಲ ಊಟ ಮಾಡಿ ಮಲಗಿದ್ದಾಗ ಅವಳು ಅವ್ವನ ಬತ್ತಿ ಹೊಸೆಯುವ ಅರಳೆಯ ಬುಟ್ಟಿ ಹಿಡಿದು ಗಾಡಿಯ ಬಳಿ ಬಂದಳು. ಅರಳೆಯನ್ನು ಬಿಡಿಸಿ ಬಿಡಿಸಿ, ಮುಂದಿನ ಸರಳುಗಳ ಸಂದಿಯಿಂದ ಒಳಗೆ ತೂರಿಸಿ, ಜಾಳಿಗೆಯ ಮೇಲೆ ಪದರು ಪದರಾಗಿ ಹೊಚ್ಚಿದಳು. ಬಗ್ಗಿ ನೋಡಿದರಷ್ಟೇ ಕಾಣಬೇಕು, ಹಾಗೆ.

'ಹೋಗು... ಬೆವರಿನಲ್ಲಿ ತೊಯ್ದುಕೊಂಡು ಬೀಗರ ಮುಂದೆ ಇಳಿ. ನಿನ್ನ ಹುಡುಗಿ ನಗಲಿ. ಅಡಿವೆಪ್ಪನ ಮೀಸೆ ಜೋತು ಬೀಳಲಿ!'

ಸೋಮವಾರ ಬೆಳಿಗ್ಗೆ ಮಿಲ್ಲಿನ ಜೀಪಿನಿಂದ ಮೂವರು ಇಳಿದರು. ಈರಬಸಪ್ಪ, ಅಡಿವೆಪ್ಪ... ಮತ್ತು ಈರಬಸಪ್ಪನ ತಾಯಿ ಕೆಂಚವ್ವ.

ಇವಳೂ ಬರುತ್ತಾಳೆಂದು ಶಿವಗಂಗಾಳಿಗೆ ಗೊತ್ತಿರಲಿಲ್ಲ. ಮದುವೆಯ ದಿನ ಎಲ್ಲರೂ ಅಪ್ಪನನ್ನು ನೋಡಿ ನಗುವಾಗ ಒಂದು ಲೋಟ ಮಜ್ಜಿಗೆ ತಂದುಕೊಟ್ಟವಳು ಇವಳೊಬ್ಬಳೇ.

ಈರಬಸಪ್ಪ ನೇರವಾಗಿ ಒಳಗೆ ಹೋದ. ಮಡಿವಾಳೆಪ್ಪನ ಹೊರಸಿನ ಬಳಿ ಕುಳಿತು, ಚೀಲದಿಂದ ಒಂದು ಖಾಕಿ ಟೊಪ್ಪಿಗೆ ತೆಗೆದ. ಒಗೆದು, ಇಸ್ತ್ರಿ ಮಾಡಿ, ಮಡಚಿಟ್ಟ ಅದೇ ಟೊಪ್ಪಿಗೆ!

"ಕಾಕಾ, ಅವತ್ತ ಬೀದ್ಯಾಗಿಂದ ಎತ್ತಿ ಇಟ್ಟಿದ್ದೆ. ಇವತ್ತ ನೀವ ಗಾಡಿ ನಡಸಬೇಕು. ನೀವು ನಡಸಿದ್ರ ಅಷ್ಟ ನಾ ಹತ್ತಾಂವ."

ಮಡಿವಾಳೆಪ್ಪ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎದ್ದ. ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಟೊಪ್ಪಿಗೆ ಇಟ್ಟು ಹೊರಗೆ ಬಂದ! ಅವನ ಬೆನ್ನು ಮತ್ತೆ ನೆಟ್ಟಗಾಗಿತ್ತು.

ಅವ್ವ ಮಲ್ಲಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಅದರ ನಡುವೆಯೇ "ಬತ್ತಿ ಅರಳಿ ಬುಟ್ಟಿ ಯಾಕ ಬೇ ಖಾಲಿ ಐತಿ? ದೇವರಿಗೆ ದೀಪ ಹಚ್ಚೂನು ಅಂದ್ರ..." ಎಂದಳು.

ಶಿವಗಂಗಾ ಗಾಡಿಯ ಕಡೆ ನೋಡಿದಳು.

ಗಾಡಿ ನಡೆಸುವವನು ಅಪ್ಪ! ಬಿಸಿಗಾಳಿ ಬೀಸುವುದು ಅಪ್ಪನ ಕೈಯಲ್ಲಿ!

ಮಡಿವಾಳೆಪ್ಪ ನಾಲ್ಕೂ ಬಾಗಿಲು ತೆರೆದಿಟ್ಟ. ಹಳೆಯ ರೂಢಿಯಂತೆ ಮುಂದೆ ಹೋಗಿ ಬಗ್ಗಿ ನೋಡಲು ಹೊರಟ. ಅಷ್ಟರಲ್ಲಿ ಅಡಿವೆಪ್ಪ ಗೊಣಗಿದ.

"ಮತ್ತ ನಾಟಕ ಸುರು ಮಾಡಬ್ಯಾಡ, ಬಿಸಲೇರತೈತಿ. ಹತ್ತು."

ಅಪ್ಪ ಸುಮ್ಮನೆ ನೆಟ್ಟಗಾಗಿ ಹೋಗಿ ಸ್ಟೇರಿಂಗಿನ ಮುಂದೆ ಕುಳಿತ.

"ನೀನೂ ಬಾ ಬೇ ಯವ್ವಾ, ಗಂಡಸರ ನಡುವ ನಾ ಒಬ್ಬಾಕಿ ಆಕ್ಕೇನಿ" ಎಂದು ಕೆಂಚವ್ವ ಶಿವಗಂಗಾಳ ಕೈ ಹಿಡಿದು ಹಿಂದಿನ ಸೀಟಿಗೆ ಎಳೆದುಕೊಂಡಳು.

ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ, ಹುಚ್ಚಿ! ಎರಡು ವರ್ಷದ ಮೇಲೆ ನೆಟ್ಟಗಾದ ಅಪ್ಪನ ಬೆನ್ನನ್ನು ನೋಡುತ್ತ ಅವಳ ನಾಲಿಗೆ ಹೊರಳಲೇ ಇಲ್ಲ. 'ಗಾಡಿ ಓಡುತ್ತಿದ್ದರೆ ಗಾಳಿ ಬಡಿಯುತ್ತದೆ, ಏನೂ ಆಗುವುದಿಲ್ಲ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೊರಟಾಗ ಒಳಗೆ ತಕ್ಕಮಟ್ಟಿಗೆ ತಣ್ಣಗೇ ಇತ್ತು. ಕೆಂಚವ್ವ ಚೀಲದಿಂದ ತಲೆಗೆ ಕಟ್ಟುವ ಒಂದು ಪುಟ್ಟ ಕುಂಚಿಗೆ ತೆಗೆದು ತೋರಿಸಿದಳು. ಕೆಂಪು ರೇಷ್ಮೆಯದು, ಅಂಚಿಗೆ ಜರಿ.

"ಹೆಂಗೈತಿ? ನಮ್ಮ ಹುಡಿಗಿಗೆ ನಾನ ಹೊಲದೇನಿ."

"ಇಷ್ಟ... ಸಣ್ಣದು?"

"ಮೂರು ತಿಂಗಳ ಕೂಸಿಗೆ ಮತ್ತೆಷ್ಟ ದೊಡ್ಡದು ಬೇಕ ಬೇ!" ಕೆಂಚವ್ವ ನಕ್ಕಳು. "ದೊಡ್ಡ ಸೊಸಿ ತವರಾಗ ಹಡದಾಳಲ್ಲ, ತಾಯಿ ಮಗಳನ್ನ ಕರಕೊಂಡು ಬರಾಕ ಹೊಂಟೇವಿ. ಕೂಸಿಗೆ ಬಿಸಲು ತಾಗಬಾರದಂತ ನಮ್ಮ ಈರಬಸು ಹುಬ್ಬಳ್ಳಿ ಎಲ್ಲಾ ಹುಡಿಕ್ಯಾಡಿ ಈ ಗಾಡಿ ತಂದಾನ. ಇದ ಗಾಡಿ ಬೇಕು, ಮಡಿವಾಳೆಪ್ಪಕಾಕಾನ ನಡಸಬೇಕು ಅಂತ ಒಂದ ಹಟ."

ಹುಡುಗಿ... ಮೂರು ತಿಂಗಳ ಕೂಸು!

ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ!

ಅಷ್ಟರಲ್ಲಿ ಮುಂದೆ ರೈಲು ಗೇಟು ಬಿತ್ತು. ಗಾಡಿ ನಿಂತಿತು. ಎದುರು ಬದಿಯಲ್ಲಿ ಬಸ್ಸು, ಹಿಂದೆ ಚಕ್ಕಡಿಗಳು, ತಲೆಯ ಮೇಲೆ ಸುಡುವ ಸೂರ್ಯ. ರೈಲಿನ ಸುಳಿವಿಲ್ಲ.

ಮೊದಲು ತಂಪು ತೆಳುವಾಯಿತು. ಆಮೇಲೆ ಉಗುರುಬೆಚ್ಚಗಾಯಿತು. ಆಮೇಲೆ... ಬಿಸಿಗಾಳಿ!

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಕೆಂಚವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಯಾಕೋ ಜೀವಕ್ಕ ಸಮ ಅನಸವಲ್ದು..." ಎಂದು ಸೀಟಿಗೆ ಒರಗಿದಳು.

"ನೋಡಿದ್ಯಾ?" ಅಡಿವೆಪ್ಪ ಕಿರುಚಿದ. "ಅವತ್ತ ನನ್ನ ತಮ್ಮನ ಮಗನ್ನ ಬೀಳಿಸಿದ, ಇವತ್ತ ನಮ್ಮನ್ನ! ಈ ಬಿಸಿಗಾಳಿ ಕೈಯಾಗ ಹಸಗೂಸು ಕೊಡಾಂವ ಇದ್ದೀಯೇನಲೇ ಈರಬಸು?"

ಮಡಿವಾಳೆಪ್ಪ ಏಸಿ ಆರಿಸಿ, ಎಂಜಿನ್ ನಿಲ್ಲಿಸಿ, ಟೊಪ್ಪಿಗೆಯನ್ನು ತಲೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅವನ ಬೆನ್ನು ಮತ್ತೆ ಬಾಗಿತು.

ಆ ಬೆನ್ನನ್ನು ನೋಡುತ್ತಿದ್ದ ಶಿವಗಂಗಾಳಿಗೆ ಇನ್ನೊಂದು ದಿನ ಕಣ್ಣ ಮುಂದೆ ಬಂತು.

ಅವತ್ತೂ ಹೀಗೇ. ಓಡುವ ರಸ್ತೆಯಲ್ಲಿ ತಣ್ಣಗಿದ್ದ ಗಾಡಿ, ಬಾಜಾದ ಹಿಂದೆ ತೆವಳುವಾಗ ಬಿಸಿಯಾಗಿತ್ತು. ಮೊದಲು ತೆಳು, ಆಮೇಲೆ ಉಗುರುಬೆಚ್ಚಗೆ, ಆಮೇಲೆ ಬಿಸಿಗಾಳಿ. ಅವತ್ತು ಜಾಳಿಗೆಯಲ್ಲಿ ಅರಳೆ ಇರಲಿಲ್ಲ...

ಗಾಡಿ ಮಾರಿಗೆ ಗಾಳಿ ಬಡೀಬೇಕು. ಮಾರಿ ಮುಚ್ಚಿದ್ರ...

ಹೂವು!

ದೊಡ್ಡ ಮನೆಯ ಮದುವೆ ಎಂದು ಅವಳೇ ಹಟ ಹಿಡಿದು, ಚೆಂಡುಹೂವಿನ ಪರದೆಯನ್ನು ಒಂದು ಎಳೆಯಷ್ಟೂ ಬಿಡುವಿಲ್ಲದಂತೆ ಹೆಣೆದು, ಗಾಡಿಯ ಮುಖವನ್ನೆಲ್ಲ ಮುಚ್ಚಿ ಕಟ್ಟಿದ್ದಳು. ಸೂಜಿ ತೂರುವಷ್ಟೂ ಜಾಗ ಬಿಟ್ಟಿಲ್ಲ ನೋಡು ಎಂದು ಗೆಳತಿಯರ ಮುಂದೆ ಜಂಬ ಬೇರೆ ಕೊಚ್ಚಿಕೊಂಡಿದ್ದಳು!

ಎರಡು ವರ್ಷ ಅವಳು ಹುಡುಕಿದ ಅಪರಾಧಿ ಅವಳೇ.

ಬಾಗಿಲು ತೆರೆದು ಅವಳು ಕೆಳಗೆ ಜಿಗಿದಳು. "ಬಾನೆಟ್ ತಗಿ ಯಪ್ಪಾ!"

ಮಡಿವಾಳೆಪ್ಪ ಗಾಬರಿ ಬಿದ್ದು ಇಳಿಯುವಾಗ ತೊಡೆಯ ಮೇಲಿನ ಟೊಪ್ಪಿಗೆ ರಸ್ತೆಗೆ ಬಿತ್ತು. ಶಿವಗಂಗಾ ಕಾದ ಕಬ್ಬಿಣದ ಸಂದಿಗೆ ಕೈ ಹಾಕಿದಳು. ಬೆರಳು ಚುರ್ರೆಂದರೂ ಬಿಡದೆ, ಧೂಳು ಕುಡಿದು ಕಪ್ಪಾಗಿದ್ದ ಅರಳೆಯನ್ನು ಹಿಡಿಹಿಡಿಯಾಗಿ ಕಿತ್ತು ರಸ್ತೆಗೆ ಹಾಕಿದಳು. ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು.

"ನಾನ ತುರುಕಿದ್ದು!" ಅವಳು ಬಿಕ್ಕಿದಳು. "ನಮ್ಮಪ್ಪಂದೇನೂ ತಪ್ಪಿಲ್ಲ. ನಿಮ್ಮ ಮ್ಯಾಲ ಹಗಿ ತೀರಸ್ಕೋಬೇಕಂತ ನಾನ ಮಾಡೀನಿ. ಅವತ್ತ ಮದಿವಿ ದಿನಾನೂ ನಾನ... ನಾ ಕಟ್ಟಿದ ಹೂವಿನಿಂದನ..."

"ಗಂಗಾ! ಬಾಯಿ ಮುಚ್ಚು!"

ಮಡಿವಾಳೆಪ್ಪ ಗರ್ಜಿಸಿದ್ದ. ಎರಡು ವರ್ಷಗಳಲ್ಲಿ ಅವನ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು.

ಶಿವಗಂಗಾ ತಲೆ ಎತ್ತಿ ನೋಡಿದಳು. ಅಪ್ಪನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

"ಯಪ್ಪಾ... ನಿನಗ ಗೊತ್ತಿತ್ತೇನು?"

ಅವನು ಮುಖ ತಿರುಗಿಸಿದ. ಉತ್ತರ ಕೊಟ್ಟವನು ಈರಬಸಪ್ಪ.

"ಕಾಕಾ, ಸಾಕ್ರಿ ಇನ್ನ. ನಿಮಗ ಕೊಟ್ಟ ಮಾತು ಇಷ್ಟ ದಿನಾ ಉಳಿಸ್ಕೊಂಡೆ, ಇವತ್ತ ಮುರೀತೇನಿ." ಅವನು ಶಿವಗಂಗಾಳ ಕಡೆ ತಿರುಗಿದ. "ಹೂವಿನಿಂದ ಹಿಂಗಾಗೈತಿ, ಅದನ್ನ ತಗಸ್ರಿ ಅಂತ ಅವತ್ತ ನಿಮ್ಮ ಅಪ್ಪಗೋಳ ನನಗ ಹೇಳಿದ್ರು. ನಾ ದೊಡ್ಡಪ್ಪನ ಕಿವ್ಯಾಗ ಅದನ್ನ ಹೇಳಿದೆ. ಹೊಸ್ತಲಾ ದಾಟೂತನಕ ಮದಿವಿ ಗಾಡಿ ಹೂವು ತಗೀಬಾರದು, ಅಪಶಕುನ ಅಂದ ಇಂವ!"

ಗಾಡಿಯಿಂದ ಇಳಿದಿದ್ದ ಅಡಿವೆಪ್ಪ ಗೇಟಿನ ಕಡೆ ನೋಡತೊಡಗಿದ.

"ಅಣ್ಣ ಬಿದ್ದಮ್ಯಾಲ ನಾ ಎಲ್ಲಾರ ಮುಂದ ಹೇಳಾಂವ ಇದ್ದೆ. ಕಾಕಾ ನನ್ನ ಕೈ ಹಿಡಕೊಂಡ್ರು. 'ಮದಿವಿ ಆಗಬೇಕಾದ ಹುಡಿಗಿ ನಮ್ಮ ಗಂಗಾ. ಅಕಿ ಕಟ್ಟಿದ ಹೂವಿನಿಂದ ಮದುಮಗ ಬಿದ್ದ ಅಂದ್ರ ಅಕಿ ಕೈಗುಣ ಚಲೋ ಇಲ್ಲ ಅಂತಾರು. ಯಾರೂ ಅಕಿನ್ನ ಮಾಡ್ಕೊಳ್ಳಂಗಿಲ್ಲ. ಮೋಸಗಾರ ಅನ್ನೋ ಹೆಸರು ನನಗ ಇರಲಿ' ಅಂದ್ರು."

ಶಿವಗಂಗಾ ಕುಸಿದು ಅಪ್ಪನ ಕಾಲು ಹಿಡಿದಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದು ನಾಚಿಕೆಗಲ್ಲ... ಮಗಳ ಮುಖ ನೋಡಿದರೆ ಎಲ್ಲಿ ಬಾಯಿ ಬಿಟ್ಟುಬಿಡುತ್ತೇನೋ ಎಂಬ ಹೆದರಿಕೆಗೆ!

"ಅಳಬ್ಯಾಡ ಬೇ. ನಿನ್ನ ಹೂವು ಅಗದಿ ಚಂದ ಇದ್ವು ಅವತ್ತ" ಎಂದ ಮಡಿವಾಳೆಪ್ಪ. ಮಗಳನ್ನು ಹಿಡಿದು ಎತ್ತಿ ನಿಲ್ಲಿಸಿದ.

ಅಡಿವೆಪ್ಪ ಇನ್ನೂ ಸೋಲಲು ತಯಾರಿರಲಿಲ್ಲ. "ಅಂದ್ರ ಇಕಿ ಕೈಗುಣನ..."

"ಭಾವಾರ!" ಗಾಡಿಯೊಳಗಿನಿಂದ ಕೆಂಚವ್ವನ ದನಿ ಬಂತು. ಬೆವರು ಒರೆಸಿಕೊಳ್ಳುತ್ತ ಅವಳು ಕೆಳಗಿಳಿದಳು. "ಇಕಿ ಹೂವು ಕಟ್ಟಿದ ಗಾಡ್ಯಾಗ ಬಂದ ಸೊಸಿ ಮನಿಗೆ ಲಕ್ಷ್ಮಿ ಹಡದಾಳ. ಇದಕ್ಕಿಂತ ಚಲೋ ಕೈಗುಣ ಯಾವದ ಬೇಕ್ರಿ? ಕೆಟ್ಟದ್ದು ಹುಡಿಗಿ ಕೈ ಅಲ್ಲ, ನಿಮ್ಮ ನಾಲಿಗಿ."

ಸುತ್ತ ನಿಂತ ಜನ ಗೊಳ್ಳೆಂದರು. ಅಡಿವೆಪ್ಪನ ಹಣೆಯಿಂದ ಬೆವರು ಇಳಿದು ಮೀಸೆಯ ತುದಿಯಲ್ಲಿ ತೊಟ್ಟಿಕ್ಕಿತು. ಶಿವಗಂಗಾ ಎರಡು ವರ್ಷ ಕನಸು ಕಂಡಿದ್ದ ನೋಟ ಅದೇ. ಆದರೆ ಈಗ ಅವಳಿಗೆ ಅದನ್ನು ನೋಡುವ ಆಸೆಯೇ ಉಳಿದಿರಲಿಲ್ಲ.

ಅಡಿವೆಪ್ಪ ನಿಧಾನವಾಗಿ ಬಗ್ಗಿ, ರಸ್ತೆಯಲ್ಲಿ ಬಿದ್ದಿದ್ದ ಟೊಪ್ಪಿಗೆಯನ್ನು ಎತ್ತಿದ. ತನ್ನ ಧೋತರದ ಚುಂಗಿನಿಂದ ಧೂಳು ಒರೆಸಿದ.

"ತಗೋ ಮಡಿವಾಳೆಪ್ಪಾ... ಇಟ್ಕೊ. ಕೂಸು ಕಾಯಾಕತ್ತೈತಿ, ಹೋಗೂಣು."

ರೈಲು ಹೋಯಿತು. ಗೇಟು ಎದ್ದಿತು. ಎಂಜಿನ್ ತಣ್ಣಗಾದ ಮೇಲೆ ಮಡಿವಾಳೆಪ್ಪ ಜಾಳಿಗೆಗೆ ಒಳಗಿಂದ ಹೊರಗೆ ನೀರು ಬಿಟ್ಟು, ಟೊಪ್ಪಿಗೆ ಇಟ್ಟುಕೊಂಡು ಗಾಡಿ ಹೊರಡಿಸಿದ. ಬಮ್ಮಿಗಟ್ಟಿಯಿಂದ ಬರುವಾಗ ಕೆಂಪು ಕುಂಚಿಗೆಯ ಹುಡುಗಿ ಶಿವಗಂಗಾಳ ತೊಡೆಯ ಮೇಲೆ, ಆ ಉರಿಬಿಸಿಲಿನಲ್ಲಿ, ಒಂದು ಹನಿ ಬೆವರಿಲ್ಲದೆ ಅಣ್ಣಿಗೇರಿಯವರೆಗೂ ನಿದ್ದೆ ಮಾಡಿದಳು.

ಸಂಜೆ ಶಲವಡಿಯ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ಅಪ್ಪನನ್ನೂ ಅವಳನ್ನೂ ಮನೆಗೆ ಬಿಡಲು ಈರಬಸಪ್ಪ ಬಂದಿದ್ದ. ಒಳಗೆ ಮಡಿವಾಳೆಪ್ಪ ಮಲ್ಲಕ್ಕನಿಗೆ ದಾರಿಯ ಕಥೆಯನ್ನೆಲ್ಲ ದೊಡ್ಡ ದನಿಯಲ್ಲಿ ಹೇಳುತ್ತಿದ್ದ.

ಶಿವಗಂಗಾ ಹರವಿಯ ನೀರು, ಬೆಲ್ಲ ತಂದಳು. ಬೆರಳಿಗೆಲ್ಲ ಬೆಣ್ಣೆ ಹಚ್ಚಿಕೊಂಡಿದ್ದಳು.

"ನಿಮಗ ಬಿಸಿನೀರ ಕುಡಿಸಿದೆ, ಗಾಡಿ ಕೆಡಿಸಿದೆ, ಮನಸಿನ್ಯಾಗ ಎಷ್ಟ ಬೈದೆ..." ಅವಳು ತಟ್ಟೆಯನ್ನು ಮುಂದೆ ಚಾಚಿದಳು. "ನನ್ನ ಮ್ಯಾಲ ಸಿಟ್ಟ ಇಲ್ಲೇನ್ರಿ?"

"ಬಿಸಿ ಹೊರಗ ಹೋಗದ ಥಂಡಿ ಒಳಗ ಬರಂಗಿಲ್ಲ ಅಂತ ನಾ ಮೊದಲ ಹೇಳಿದ್ನಲ್ರಿ. ಅದು ಹೋಗಲಿ ಅಂತ ಬಾಗಲಾ ತಗದು ಕಾಯಾಕತ್ತಿದ್ದೆ."

ಅವಳು ತಲೆ ತಗ್ಗಿಸಿದಳು. ಕಣ್ಣೀರು ಬೆಲ್ಲದ ತಟ್ಟೆಗೆ ಬಿತ್ತು.

"ಹುಡಿಗಿ ತರಾಕ ಹೊಂಟೇವಿ ಅಂದಾಗ... ನನಗ ಜೀವ ಹೋದಂಗ ಆಗಿತ್ರಿ."

"ಯಾಕ್ರಿ?"

"ಗೊತ್ತಿದ್ದೂ ಕೇಳತೀರಲ್ರಿ!"

ಈರಬಸಪ್ಪ ನಕ್ಕ. ಸುಟ್ಟ ಬೆರಳು ನೋಯದಂತೆ ಅವಳ ಅಂಗೈ ಹಿಡಿದುಕೊಂಡ.

"ಹಂಗಾರ ಇನ್ನೊಬ್ಬ ಹುಡಿಗಿನ್ನ ತರೂದು ಬಾಕಿ ಐತಿ. ಶಲವಡಿಯಿಂದ, ಇದ ಗಾಡ್ಯಾಗ. ಅವ್ವ ಆಗಲೇ ಹೂಂ ಅಂದಾಳ. ಕಾಕಾನೂ ಒಪ್ಯಾರು, ನಮ್ಮ ಮದಿವಿಗೂ ಗಾಡಿ ತಾವ ನಡಸ್ತಾರಂತ... ಆದ್ರ ಒಂದ ಚಿಂತಿ."

"ಏನ್ರಿ?"

"ಆ ಗಾಡಿಗೆ ಹೂವು ಯಾರ ಕಟ್ಟಬೇಕು?"

ಅವಳು ಕಣ್ಣೊರೆಸಿಕೊಂಡು ಗಾಡಿಯ ಕಡೆ ನೋಡಿದಳು.

"ನಾನ ಕಟ್ಟಾಕಿ," ಎಂದಳು ಶಿವಗಂಗಾ. "ಆದ್ರ ಈ ಸಲ ಹಿಂದ ಕಟ್ಟತೇನಿ."